ಪಾತ್ರೆಯನ್ನು ಕಾಣದ ಒಲೆ

ಕಳೆದ ವರ್ಷ ನನ್ನ ತಮ್ಮ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡ. ಗೃಹಪ್ರವೇಶದ ದಿನ ಹಾಲು ಉಕ್ಕಿಸಲೆಂದು ಅಮ್ಮ ತಿಪಟೂರಿನಿಂದ ತನ್ನ ಹಿತ್ತಾಳೆ ಪಾತ್ರೆ ತಂದಿದ್ದಳು. ಅಜ್ಜಿ ಕೊಟ್ಟ ಪಾತ್ರೆ ಅದು. ಹಿಂದಿನ ದಿನವೇ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಟ್ಟಿದ್ದಳು. ಪೂಜೆ ಮುಗಿಯಿತು, ಪುರೋಹಿತರು ಹಾಲಿಡಿ ಅಂದರು. ಅಮ್ಮ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಹಾಲು ಸುರಿದು, ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕಪ್ಪು ಗಾಜಿನ ಒಲೆಯ ಮೇಲಿಟ್ಟಳು. ತಮ್ಮ ಗಾಜನ್ನು ಬೆರಳಿನಿಂದ ಮುಟ್ಟಿದ. ಒಲೆ ಪೀಂ ಪೀಂ ಎಂದು ಕೂಗಿ ಸುಮ್ಮನಾಯಿತು. ಮತ್ತೆ ಮುಟ್ಟಿದ. ಮತ್ತೆ ಅದೇ. ಗಾಜಿನೊಳಗೆ ಒಂದು ಗುರುತು ಮಿನುಗುತ್ತಿತ್ತು. ಅದರ ಅರ್ಥವನ್ನು ಫೋನಿನಲ್ಲಿ ಹುಡುಕಿ ತಮ್ಮ ಓದಿ ಹೇಳಿದ: ಪಾತ್ರೆ ಇಲ್ಲ.

“ಅಷ್ಟು ದೊಡ್ಡ ಪಾತ್ರೆ ಎದುರಿಗೇ ಇಟ್ಟಿದೀನಲ್ಲೋ, ಕಾಣಲ್ವಂತಾ ಅದಕ್ಕೆ?” ಅಂದಳು ಅಮ್ಮ.

ಕಾಣುವುದಿಲ್ಲ. ಇಂಡಕ್ಷನ್ ಒಲೆಯಲ್ಲಿ ಉರಿ ಇರುವುದಿಲ್ಲ. ಗಾಜಿನ ಕೆಳಗಿನ ತಂತಿಯ ಸುರುಳಿ ಒಂದು ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಅದಕ್ಕೆ ಸಿಕ್ಕಿದ ಪಾತ್ರೆಯ ತಳ ತಾನೇ ಬಿಸಿಯಾಗುತ್ತದೆ. ಇದಕ್ಕೆ ತಳದಲ್ಲಿ ಅಯಸ್ಕಾಂತ ಅಂಟುವಂಥ ಲೋಹ ಬೇಕು. ಹಿತ್ತಾಳೆಗೆ, ತಾಮ್ರಕ್ಕೆ, ಅಲ್ಯೂಮಿನಿಯಮ್ಮಿಗೆ ಅಯಸ್ಕಾಂತ ಅಂಟುವುದಿಲ್ಲ. ಆ ಒಲೆಯ ಮಟ್ಟಿಗೆ ಅಜ್ಜಿಯ ಪಾತ್ರೆ ಇಲ್ಲವೇ ಇಲ್ಲ.

ಕೊನೆಗೆ ತಮ್ಮನ ಹೆಂಡತಿ ಹೊಸ ಸ್ಟೀಲ್ ಪಾತ್ರೆಯೊಂದನ್ನು ಡಬ್ಬದಿಂದ ಬಿಚ್ಚಿ ಕೊಟ್ಟಳು. ಹಾಲು ಉಕ್ಕಿತು. ಉಕ್ಕಿದ ಹಾಲು ಗಾಜಿನ ಮೇಲೆ ಹರಿದು ಬಟನ್ನುಗಳ ಜಾಗ ಮುಟ್ಟಿದ್ದೇ ಒಲೆ ಮತ್ತೊಮ್ಮೆ ಕೂಗಿ ತಾನೇ ಆರಿತು. ಹಾಲು ಉಕ್ಕುವುದು ನಮಗೆ ಶುಭ, ಒಲೆಯ ಲೆಕ್ಕದಲ್ಲಿ ಅಪಘಾತ. ಎಲ್ಲರೂ ನಕ್ಕೆವು. ಅಮ್ಮನೂ ನಕ್ಕಳು.

ಅಪ್ಪ ಅಮ್ಮ ಇನ್ನು ಮುಂದೆ ತಮ್ಮನ ಜೊತೆಗೇ ಇರುವುದೆಂದು ಮೊದಲೇ ನಿಶ್ಚಯವಾಗಿತ್ತು. ಮೂರು ವಾರ ಕಳೆದು ಫೋನ್ ಮಾಡಿದಾಗ, ಏನು ಅಡುಗೆ ಇವತ್ತು ಅಂತ ಕೇಳಿದೆ. “ನಾನೇನು ಮಾಡ್ತೀನೇ, ನೆಂಟರ ಹಾಗೆ ಕೂತಿದೀನಿ” ಅಂದಳು. ನಲವತ್ತೈದು ವರ್ಷ ದಿನಕ್ಕೆ ಮೂರು ಹೊತ್ತು ಅಡುಗೆ ಮಾಡಿದ ಹೆಂಗಸು. ವಿಶ್ರಾಂತಿ ಸಿಕ್ಕಿತಲ್ಲ ಎಂದು ನಾನು ಸಂತೋಷಪಡಬೇಕಿತ್ತೇನೋ. ಆದರೆ ಅವಳ ದನಿಯಲ್ಲಿ ವಿಶ್ರಾಂತಿ ಇರಲಿಲ್ಲ.

ಮುಂದಿನ ವಾರ ಹೋಗಿ ನೋಡಿದೆ. ಅಡುಗೆಮನೆಯ ಡ್ರಾಯರುಗಳಿಗೆ ಹಿಡಿಗಳೇ ಇಲ್ಲ. ಗೋಡೆಯಂತೆ ನುಣುಪಾದ ಬಿಳಿ ಹಲಗೆಗಳು. ಮೆಲ್ಲಗೆ ಒತ್ತಿದರೆ ತೆರೆದುಕೊಳ್ಳುತ್ತವೆ. ಅಮ್ಮನಿಗೆ ಕಟ್ಟೆಗೆ ಸೊಂಟ ಆನಿಸಿ ನಿಂತು ತರಕಾರಿ ಹೆಚ್ಚುವ ಅಭ್ಯಾಸ. ಆನಿಸಿದ ಕೂಡಲೇ ಡ್ರಾಯರು ಈಚೆ ಬಂದು ಹೊಟ್ಟೆಗೆ ತಾಗುತ್ತದೆ. ಒದ್ದೆ ಬೆರಳಿನಿಂದ ಮುಟ್ಟಿದರೆ ಒಲೆಗೆ ತಿಳಿಯುವುದಿಲ್ಲ. ಅಡುಗೆ ಮಾಡುವವರ ಬೆರಳು ಒದ್ದೆಯಾಗಿಲ್ಲದ ಹೊತ್ತು ಯಾವುದು? ಅವಳ ಹೆಬ್ಬೆರಳ ಕೀಲು ನೋವು ಬೇರೆ. ಆ ಅಡುಗೆಮನೆ ಅವಳಿಗೆ ಏನನ್ನೂ ಬೇಡ ಅಂದಿರಲಿಲ್ಲ. ಅವಳು ಬರುತ್ತಾಳೆ ಎಂದು ಎಣಿಸಿರಲಿಲ್ಲ, ಅಷ್ಟೇ.

ಸಾಹಿತ್ಯದ ಪತ್ರಿಕೆಯಲ್ಲಿ ಒಲೆ, ಡ್ರಾಯರುಗಳ ವಿಚಾರ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಕವಿತೆಯೊಂದು ನಮ್ಮನ್ನು ಯಾರೆಂದು ಎಣಿಸಿಕೊಂಡು ಮಾತಾಡುತ್ತದೆ ಎಂದು ನಾವು ತರಗತಿಗಳಲ್ಲಿ ಗಂಟೆಗಟ್ಟಲೆ ಚರ್ಚಿಸುತ್ತೇವೆ. ನಾವು ದಿನಕ್ಕೆ ನೂರು ಸಲ ಮುಟ್ಟುವ ವಸ್ತುಗಳೂ ಹಾಗೆಯೇ ನಮ್ಮನ್ನು ಯಾರೋ ಎಂದು ಎಣಿಸಿಕೊಂಡೇ ತಯಾರಾಗಿವೆ. ಅವನ್ನು ಓದುವ ವಿಮರ್ಶೆ ಕನ್ನಡದಲ್ಲಿ ಕಡಿಮೆ. ಇರುವುದು ಹೆಚ್ಚಾಗಿ ಭಾನುವಾರದ ಪುರವಣಿಗಳ ‘ಮನೆ ಅಂದಗೊಳಿಸಿ’ ಬಗೆಯ ಸಲಹೆಗಳು.

ಮನೆ ಕೊಳ್ಳುವ ಮೊದಲು ಆರು ತಿಂಗಳು ತಮ್ಮ ನನಗೆ ಫೋಟೋಗಳನ್ನು ಕಳಿಸುತ್ತಿದ್ದ. ಹೊಸ ಬಗೆಯ ಮನೆಗಳು, ಮಡಚಿದರೆ ಗೋಡೆಯಾಗುವ ಮಂಚ, ಮೆಟ್ಟಿಲೊಳಗೇ ಅಡಗಿದ ಪುಸ್ತಕದ ಕಪಾಟು, ಗಾಳಿಯಲ್ಲಿ ತೇಲುತ್ತಿದೆಯೇನೋ ಎನ್ನಿಸುವ ವಾಶ್ ಬೇಸಿನ್. ಕೆಲವನ್ನು ನೋಡಿ ನಾನೂ ಬೆರಗಾದೆ. ಒಂದು ಸಂಗತಿ ಮಾತ್ರ ತಡವಾಗಿ ಗಮನಕ್ಕೆ ಬಂತು. ಆ ಫೋಟೋಗಳಲ್ಲಿ ಜನ ಇರಲಿಲ್ಲ. ಅಡುಗೆಕಟ್ಟೆಯ ಮೇಲೆ ಒಂದು ಬಟ್ಟಲು ತುಂಬ ಹಸಿರು ಸೇಬು. ಒಗ್ಗರಣೆಯ ಡಬ್ಬಿ ಇಲ್ಲ, ಕೈಒರೆಸುವ ಬಟ್ಟೆ ಇಲ್ಲ, ಬಾಗಿಲ ಬಳಿ ಚಪ್ಪಲಿ ಇಲ್ಲ. ಯಾರೂ ವಾಸವಿಲ್ಲದ ಕ್ಷಣದಲ್ಲಿ ಮನೆ ಅತ್ಯಂತ ಚೆನ್ನಾಗಿ ಕಾಣುತ್ತದೆ ಎಂಬುದು ಈ ಚಿತ್ರಗಳ ಮೌನ ಒಪ್ಪಂದ. ಇಂದು ವಿನ್ಯಾಸದ ಬಹುಪಾಲು ಮೌಲ್ಯಮಾಪನ ನಡೆಯುವುದು ಇಂಥ ಚಿತ್ರಗಳನ್ನು ನೋಡಿಯೇ. ಕಣ್ಣು ಅಂಕ ಕೊಡುತ್ತದೆ, ಕೈಯನ್ನು ಯಾರೂ ಕೇಳುವುದಿಲ್ಲ.

ಕಣ್ಣಿಗೂ ಕೈಗೂ ಇರುವ ಈ ಅಂತರ ಎಷ್ಟೆಂದು ತಿಳಿಯಲು 1990ರಲ್ಲಿ ಮಾರುಕಟ್ಟೆಗೆ ಬಂದ ಎರಡು ಅಡುಗೆಮನೆ ಸಾಮಾನುಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಎರಡೂ ಇಂದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿವೆ.

ಮೊದಲನೆಯದು ಫ್ರಾನ್ಸಿನ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ ಇಟಲಿಯ ಅಲೆಸ್ಸಿ ಕಂಪನಿಗಾಗಿ ಮಾಡಿದ ನಿಂಬೆ ಹಿಂಡುಕ, ‘ಜ್ಯೂಸಿ ಸಾಲಿಫ್’. ಹೊಳೆಯುವ ಅಲ್ಯೂಮಿನಿಯಮ್ಮಿನ ಎರಕ, ಸುಮಾರು 29 ಸೆಂಟಿಮೀಟರ್ ಎತ್ತರ, ಮೂರು ಉದ್ದನೆ ಕಾಲು. ಜೇಡವೋ, ಬೇರೆ ಗ್ರಹದಿಂದ ಇಳಿದ ಜೀವಿಯೋ ಎನ್ನಿಸುವ ಆಕಾರ. ಇಟಲಿಯ ಕಡಲ ತೀರದ ಹೋಟೆಲಿನಲ್ಲಿ ಊಟಕ್ಕೆ ಕೂತು ಸ್ಕ್ವಿಡ್ ಮೇಲೆ ನಿಂಬೆ ಹಿಂಡುವಾಗ ಸ್ಟಾರ್ಕ್ ಅದನ್ನು ಕಾಗದದ ಕರವಸ್ತ್ರದ ಮೇಲೆ ಗೀಚಿದರೆಂಬ ಕಥೆ ಪ್ರಸಿದ್ಧ. ಅರ್ಧ ನಿಂಬೆಯನ್ನು ಅದರ ತಲೆಗೆ ಒತ್ತಿ ತಿರುವಿದರೆ ರಸ ಗೀರುಗಳ ಗುಂಟ ಇಳಿದು ಕೆಳಗಿನ ಲೋಟಕ್ಕೆ ಬೀಳುತ್ತದೆ. ಬೀಜವೂ ಬೀಳುತ್ತದೆ, ಯಾಕೆಂದರೆ ಅದಕ್ಕೆ ಜಾಲರಿ ಇಲ್ಲ. ಕೈಯನ್ನು ಎತ್ತರದಲ್ಲಿಟ್ಟು ಒತ್ತಬೇಕು. ಹತ್ತನೇ ವರ್ಷದ ನೆನಪಿಗೆ ಅದರ ಚಿನ್ನದ ಲೇಪದ ಆವೃತ್ತಿಯೂ ಬಂತು. ಹುಳಿ ತಾಗಿದರೆ ಲೇಪ ಕೆಡುತ್ತದೆ, ಆದ್ದರಿಂದ ಹಿಂಡಲು ಬಳಸಬೇಡಿ ಎಂಬ ಸೂಚನೆ ಅದರ ಜೊತೆಗಿತ್ತು. ನಿಂಬೆಯನ್ನು ಮುಟ್ಟಬಾರದ ನಿಂಬೆ ಹಿಂಡುಕ!

ಗೇಲಿ ಮಾಡಿ ಮುಂದೆ ಹೋಗುವುದು ಸುಲಭ. ಆದರೆ ದಿನಬಳಕೆಯ ವಸ್ತುಗಳು ಜನರನ್ನು ಹೇಗೆ ಪೇಚಿಗೆ ಸಿಕ್ಕಿಸುತ್ತವೆ ಎಂದು 1988ರಲ್ಲೇ ಪುಸ್ತಕ ಬರೆದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ಅವರೇ ಆ ಚಿನ್ನದ ಹಿಂಡುಕವನ್ನು ಕೊಂಡು ಮನೆಯಲ್ಲಿ ಪ್ರದರ್ಶನಕ್ಕಿಟ್ಟುಕೊಂಡರು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲುಗಳನ್ನು ಇಂದು ವಿನ್ಯಾಸದ ವಿದ್ಯಾರ್ಥಿಗಳು ‘ನಾರ್ಮನ್ ಬಾಗಿಲು’ ಎಂದು ಕರೆಯುವುದು ಇವರ ಹೆಸರಿನಿಂದಲೇ. ಅಂಥವರೂ 2004ರ ಪುಸ್ತಕದಲ್ಲಿ ಬೆರಗು, ಮೋಹ, ಹೆಮ್ಮೆಗಳೂ ವಸ್ತುವಿನ ಕೆಲಸದಲ್ಲಿ ಸೇರಿವೆ ಎಂದು ವಾದಿಸಿದರು. ನನಗೂ ಇದು ಒಪ್ಪಿಗೆ. ನಮ್ಮ ಮನೆಗಳ ಶೋಕೇಸಿನ ಚನ್ನಪಟ್ಟಣದ ಗೊಂಬೆಗಳು ಏನು ಕೆಲಸ ಮಾಡುತ್ತವೆ? ಬಂದವರು ಒಮ್ಮೆ ನೋಡಿ ಕೇಳಲಿ ಎಂಬುದೂ ಒಂದು ಉಪಯೋಗವೇ. ಆ ಹಿಂಡುಕವನ್ನು ಮೂರ್ತಿಶಿಲ್ಪವೆಂದು ಮಾರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಅದು ತನ್ನನ್ನು ಹಿಂಡುಕವೆಂದು ಕರೆದುಕೊಂಡು, ಹಿಂಡುವ ಕೈಯನ್ನು ಮರೆಯುತ್ತದೆ.

ಎರಡನೆಯದು ತರಕಾರಿ ಸಿಪ್ಪೆ ಹೆರೆಯುವ ಸಾಧನ. ಸ್ಯಾಮ್ ಫಾರ್ಬರ್ ಎಂಬ ಉದ್ಯಮಿ ಅಡುಗೆ ಸಾಮಾನಿನ ವ್ಯಾಪಾರದಿಂದ ನಿವೃತ್ತರಾಗಿದ್ದರು. ಅವರ ಹೆಂಡತಿ ಬೆಟ್ಸಿಗೆ ಕೈಯ ಕೀಲುವಾತ. ಫ್ರಾನ್ಸಿನಲ್ಲಿ ರಜೆ ಕಳೆಯುವಾಗ ತೆಳ್ಳಗಿನ ಲೋಹದ ಹಿಡಿಯ ಹೆರೆಯುವ ಸಾಧನ ಅವರಿಗೆ ನೋವು ಕೊಟ್ಟಿತು. ಅಲ್ಲಿಂದ ಹುಟ್ಟಿದ್ದು ಆಕ್ಸೊ ಕಂಪನಿಯ ‘ಗುಡ್ ಗ್ರಿಪ್ಸ್’. ನ್ಯೂಯಾರ್ಕಿನ ಸ್ಮಾರ್ಟ್ ಡಿಸೈನ್ ಸಂಸ್ಥೆ ರೂಪಿಸಿದ ಅದರ ಹಿಡಿ ದಪ್ಪ, ಕಪ್ಪು, ರಬ್ಬರಿನಂತೆ ಮೆದು. ಹೆಬ್ಬೆರಳು ತೋರುಬೆರಳು ಕೂರುವ ಕಡೆ ಸಣ್ಣ ಸಣ್ಣ ಗೆರೆಗಳು. ಒದ್ದೆ ಕೈಯಲ್ಲೂ ಜಾರದು. ಫೋಟೋದಲ್ಲಿ ಇದು ಏನೂ ಅಲ್ಲ, ಸೈಕಲ್ಲಿನ ಹ್ಯಾಂಡಲ್ಲಿನ ತುಂಡಿನ ಹಾಗೆ ಕಾಣುತ್ತದೆ. ನೋಯುವ ಕೈಗೆ ಹಿತವಾದದ್ದು ನೋಯದ ಕೈಗೂ ಹಿತವಾಯಿತು. ಅದು ರೋಗಿಗಳ ಸಾಮಾನು ಎಂಬ ಹಣೆಪಟ್ಟಿ ಹೊರದೆ ಎಲ್ಲರ ಮನೆ ಸೇರಿತು.

ಈ ಕಥೆಗೆ ಒಂದು ಬಾಲವಿದೆ, ನನಗೆ ಮುಖ್ಯವಾದದ್ದು ಅದು. ಹೆಂಡತಿಯ ನೋವು ನೋಡಿ ಗಂಡ ಹೊಸದೊಂದನ್ನು ಕಂಡುಹಿಡಿದ ಎಂದು ವಿನ್ಯಾಸದ ತರಗತಿಗಳಲ್ಲಿ ಇದನ್ನು ವರ್ಷಗಟ್ಟಲೆ ಹೇಳಿಕೊಂಡು ಬಂದರು. ಅಂಗವಿಕಲರ ಹಕ್ಕುಗಳ ಪರವಾಗಿ ಬರೆಯುವ ಲಿಜ್ ಜಾಕ್ಸನ್ ಬೆಟ್ಸಿಯವರನ್ನೇ ಮಾತಾಡಿಸಿ 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದರು: ಆ ಆಲೋಚನೆ ಮೊದಲು ಹೊಳೆದದ್ದು ಬೆಟ್ಸಿಗೇ. ನೋವಿದ್ದ ಕೈಯೇ ಯೋಚಿಸಿತ್ತು. ಕಥೆ ಹೇಳುವವರು ಆ ಕೈಯನ್ನು ಬರೀ ನೋಯುವ ಕೈ ಮಾಡಿಬಿಟ್ಟಿದ್ದರು.

ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಇಲ್ಲಿ ಔಚಿತ್ಯದ ನೆನಪಾಗಬಹುದು. ಹನ್ನೊಂದನೇ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನೇ ಕಾವ್ಯದ ಜೀವ ಎಂದ. ಅವನು ಕೊಡುವ ಉದಾಹರಣೆ ಒಡವೆಯದು: ಸೊಂಟದ ಡಾಬನ್ನು ಕೊರಳಿಗೂ ಕಾಲಂದಿಗೆಯನ್ನು ಕೈಗೂ ತೊಟ್ಟರೆ ಒಡವೆ ಎಷ್ಟೇ ಬೆಲೆಯದಾದರೂ ನಗೆಪಾಟಲು. ಒಡವೆಯ ಚೆಲುವು ಒಡವೆಯಲ್ಲಿ ಮಾತ್ರ ಇರುವುದಿಲ್ಲ, ಅದು ಕೂರುವ ಮೈಯಲ್ಲೂ ಇರುತ್ತದೆ. ವಿನ್ಯಾಸದ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಎಲ್ಲೂ ಓದಿಲ್ಲ. ಹಿಡಿಯಿಲ್ಲದ ಡ್ರಾಯರು ನೋಡಲು ಸುಂದರ. ಸೊಂಟ ಆನಿಸಿ ನಿಲ್ಲುವ ಹೆಂಗಸಿನ ಮುಂದೆ ಅದು ಕೊರಳಿಗೆ ಹಾಕಿದ ಡಾಬು.

ಆದರೆ ಈ ಅಳತೆಗೋಲಿನಲ್ಲೂ ಒಂದು ತೊಡಕಿದೆ. ಯಾವುದು ಉಚಿತ ಎಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಒಂದು ಚೊಂಬು.

1958ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಇಲ್ಲಿಗೆ ಬಂದರು. ದೇಶ ಸುತ್ತಿ ಅವರು ಬರೆದ ‘ಇಂಡಿಯಾ ರಿಪೋರ್ಟ್’ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹುಟ್ಟಿಗೆ ಕಾರಣವಾಯಿತು. ಸಂಸ್ಥೆ 1961ರಲ್ಲಿ ಶುರುವಾಯಿತು. ಇಷ್ಟು ದೊಡ್ಡ ದೇಶದಲ್ಲಿ ಅವರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದ ವಸ್ತು ಲೋಟಾ, ಅಂದರೆ ನಮ್ಮ ಚೊಂಬು ಅಥವಾ ತಂಬಿಗೆ. ಮೋಸ ಹೋದವರಿಗೆ ನಾವು ‘ಚೊಂಬು ಸಿಕ್ಕಿತು’ ಎನ್ನುತ್ತೇವೆ. ಈಮ್ಸ್ ದಂಪತಿ ಆ ಖಾಲಿ ಚೊಂಬಿನೊಳಗೆ ಒಂದು ವಿಶ್ವವಿದ್ಯಾಲಯವನ್ನೇ ಕಂಡರು.

ಇಂದು ಚೊಂಬನ್ನು ಹೊಸದಾಗಿ ವಿನ್ಯಾಸ ಮಾಡಬೇಕೆಂದರೆ ಏನೇನು ಯೋಚಿಸಬೇಕಾದೀತು ಎಂದು ಅವರು ಒಂದು ಉದ್ದನೆ ಪಟ್ಟಿ ಕೊಡುತ್ತಾರೆ. ಎಷ್ಟು ನೀರು ಹಿಡಿಯಬೇಕು, ಹೊರುವವರು ಗಂಡೋ ಹೆಣ್ಣೋ, ಅವರ ಕೈಯ ಬಲ ಎಷ್ಟು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಮತ್ತು ಬರಿದಾದಾಗ ತೂಕ ಎತ್ತ ವಾಲುತ್ತದೆ, ಒಳಗೆ ಕೈ ಹಾಕಿ ತೊಳೆಯಬಹುದೇ, ಕಲ್ಲಿನ ಮೇಲೆ ಇಟ್ಟಾಗ ಸದ್ದು ಹೇಗೆ, ಬಿಸಿಲಲ್ಲಿ ಹೇಗೆ ಹೊಳೆಯುತ್ತದೆ, ಹಳೆಯದಾದ ಮೇಲೆ ಮಾರಿದರೆ ಏನು ಸಿಕ್ಕೀತು, ಇನ್ನೊಬ್ಬರಿಗೆ ಕೊಡುವಾಗ ಏನೆನ್ನಿಸುತ್ತದೆ. ಇದನ್ನು ಯಾವೊಬ್ಬರೂ ವಿನ್ಯಾಸ ಮಾಡಲಿಲ್ಲ, ತಲೆಮಾರುಗಳು ತಿದ್ದಿ ತಿದ್ದಿ ಮಾಡಿದವು ಎಂಬುದು ಅವರ ತೀರ್ಮಾನ. ವಿದ್ಯಾರ್ಥಿಗಳು ಆ ಪಟ್ಟಿಯನ್ನು ಒಮ್ಮೆಯಾದರೂ ಓದಬೇಕು. ಒಂದು ವಸ್ತುವನ್ನು ಹೀಗೂ ಪ್ರೀತಿಯಿಂದ ಪ್ರಶ್ನಿಸಬಹುದು ಎಂಬುದಕ್ಕೆ ಅದು ಮಾದರಿ.

ನಾನು ಆ ಪಟ್ಟಿಯನ್ನು ಎರಡನೇ ಸಲ ಓದುವಾಗ ಅಲ್ಲಿಲ್ಲದ ಪ್ರಶ್ನೆಯೊಂದು ಎದ್ದು ನಿಂತಿತು. ಈ ಚೊಂಬನ್ನು ಯಾರು ಮುಟ್ಟಬಹುದು?

ತಿಪಟೂರಿನ ಹತ್ತಿರದ ನಮ್ಮಜ್ಜಿಯ ಮನೆಯಲ್ಲಿ ತೆಂಗಿನ ತೋಟದ ಕೆಲಸಕ್ಕೆ ಬರುವವರಿಗೆ ನೀರು ಕೊಡುತ್ತಿದ್ದುದು ಅದೇ ಹೊಳೆಯುವ ಚೊಂಬಿನಿಂದ. ಆದರೆ ಚೊಂಬು ಅವರ ಕೈಗೆ ಹೋಗುತ್ತಿರಲಿಲ್ಲ. ಅವರು ಬೊಗಸೆ ಒಡ್ಡುತ್ತಿದ್ದರು, ಅಜ್ಜಿ ಮೇಲಿನಿಂದ ಸುರಿಯುತ್ತಿದ್ದಳು. ಕಾಫಿಯಾದರೆ ತೆಂಗಿನ ಚಿಪ್ಪಿನಲ್ಲಿ. ಚಿಪ್ಪುಗಳು ಹಿತ್ತಿಲ ಗೋಡೆಯ ಮೇಲೆ ಕವುಚಿರುತ್ತಿದ್ದವು. ಚೊಂಬಿನ ಬಾಗಿದ ಅಂಚು, ಕೈಗೆ ಸಿಗುವ ಕುತ್ತಿಗೆ, ಒಂದೇ ಧಾರೆಯಾಗಿ ಸುರಿಯುವ ಗುಣ, ಈಮ್ಸ್ ದಂಪತಿ ಮೆಚ್ಚಿದ್ದೆಲ್ಲವೂ ಮುಟ್ಟದೆ ಸುರಿಯುವುದಕ್ಕೂ ಅಷ್ಟೇ ಅನುಕೂಲ. ತಲೆಮಾರುಗಳು ತಿದ್ದಿದ ವಿನ್ಯಾಸದಲ್ಲಿ ತಲೆಮಾರುಗಳ ಪಾಪವೂ ಸೇರಿರುತ್ತದೆ. ನಮ್ಮ ಮನೆಯವರಿಗೆ ಆ ಚಿಪ್ಪು ‘ಉಚಿತ’ವಾಗಿಯೇ ಕಂಡಿತ್ತು. ಬೊಗಸೆಯೊಡ್ಡಿದವರನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಬರೀ ಆಡಂಬರ ಎಂಬ ಹಾಡನ್ನು ನಾನು ಹಾಡಲಾರೆ. ಈಳಿಗೆಮಣೆಯ ಮುಂದೆ ಕೂತು ಸೊಂಟ ಬಿದ್ದುಹೋದವರು, ಸೌದೆ ಒಲೆ ಊದಿ ಊದಿ ಕಣ್ಣು ಕೆಂಪಾದವರು ನಮ್ಮ ಮನೆಯಲ್ಲೇ ಇದ್ದರು. ಅಜ್ಜಿಯ ಅಡುಗೆಮನೆಯ ಗೋಡೆ ಮಸಿಯಿಂದ ಕಪ್ಪಾಗಿತ್ತು. ಅವಳ ಕೆಮ್ಮು ಆ ಗೋಡೆಯಷ್ಟೇ ಹಳೆಯದು.

ಆ ಮನೆಗೆ ಒಂದು ಹೊಸ ವಿನ್ಯಾಸ ಬಂದದ್ದು ನನಗೆ ನೆನಪಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದಕ್ಕೊಂದು ಕೇಂದ್ರವಿತ್ತು. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ, ಕಡಿಮೆ ಸೌದೆ ಸಾಕಾಗುವ ‘ಅಸ್ತ್ರ ಒಲೆ’ ಅಲ್ಲಿಯವರ ಕೆಲಸದಿಂದ ಬಂದದ್ದು. ನಾನು ಚಿಕ್ಕವಳಿದ್ದಾಗ ಅದನ್ನು ಕಟ್ಟಲು ಒಬ್ಬರು ನಮ್ಮಜ್ಜಿಯ ಮನೆಗೆ ಬಂದರು. ಜೇಡಿಮಣ್ಣು ಕಲಸುವ ಮೊದಲು ಅವರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಮ್ಮಾ, ದಿನಾ ಅಡುಗೆ ಮಾಡೋ ಪಾತ್ರೆ ತನ್ನಿ.” ಅಜ್ಜಿ ಮುದ್ದೆ ಬೇಯಿಸುವ ಗಡಿಗೆ, ಸಾರಿನ ಪಾತ್ರೆ, ನೀರು ಕಾಯಿಸುವ ತಪ್ಪಲೆ ತಂದು ಸಾಲಾಗಿ ಇಟ್ಟಳು. ಅವರು ದಾರದಿಂದ ಒಂದೊಂದರ ತಳವನ್ನೂ ಅಳೆದು, ಅದಕ್ಕೆ ತಕ್ಕಂತೆ ಒಲೆಯ ಮೂರು ಕಣ್ಣು ಬಿಟ್ಟರು. ಪಾತ್ರೆ ಸರಿಯಾಗಿ ಕೂರದಿದ್ದರೆ ಸಂದಿಯಿಂದ ಹೊಗೆ ಬರುತ್ತದೆ, ಅದಕ್ಕೆ.

ಹೊಸದನ್ನು ಮಾಡುವ ಎರಡು ದಾರಿಗಳು ನನಗೆ ಈ ಎರಡು ಒಲೆಗಳಲ್ಲಿ ಕಾಣುತ್ತವೆ. ಒಂದು ಒಲೆ ಪಾತ್ರೆ ತನ್ನಿ ಎಂದಿತು. ಇನ್ನೊಂದು ಪಾತ್ರೆ ಇಲ್ಲ ಎಂದಿತು. ಎರಡರ ಹಿಂದೆಯೂ ಒಳ್ಳೆಯ ವಿಜ್ಞಾನವಿದೆ, ಎರಡಕ್ಕೂ ಪಾತ್ರೆಯ ಮೇಲೆ ಷರತ್ತುಗಳಿವೆ. ಮೊದಲನೆಯದು ಕೇಳಿಕೊಂಡು ಬಂತು, ಎರಡನೆಯದು ತೀರ್ಮಾನಿಸಿಕೊಂಡು ಬಂತು.

ಮನೆಯ ವಿಷಯದಲ್ಲೂ ಈ ವ್ಯತ್ಯಾಸ ಇದೆ. ಬೆಂಗಳೂರಿನ ಐಐಎಂ ಕಟ್ಟಡಗಳಿಂದ ನಮಗೆ ಪರಿಚಿತರಾದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಇಂದೋರಿನಲ್ಲಿ ಅರಣ್ಯ ಎಂಬ ವಸತಿ ಬಡಾವಣೆ ರೂಪಿಸಿದರು. ಸುಮಾರು 6,500 ಮನೆಗಳ ಯೋಜನೆ, ಹೆಚ್ಚಿನವು ಬಡವರಿಗೆ. ಅತ್ಯಂತ ಬಡವರ ನಿವೇಶನ 35 ಚದರ ಮೀಟರ್. ದೋಶಿ ಅಲ್ಲಿ ಪೂರ್ತಿ ಮನೆ ಕಟ್ಟಿಕೊಡಲು ಹೋಗಲಿಲ್ಲ. ಅಡಿಪಾಯ, ನೀರು, ಚರಂಡಿ, ಕರೆಂಟು, ಶೌಚಾಲಯಗಳ ಒಂದು ತಿರುಳು ಕೊಟ್ಟರು. ಹೀಗೆಲ್ಲ ಬೆಳೆಸಬಹುದು ಎಂದು ತೋರಿಸಲು 80 ಮಾದರಿ ಮನೆ ಕಟ್ಟಿದರು. ಉಳಿದದ್ದನ್ನು ಜನ ಕಟ್ಟಿಕೊಂಡರು: ಒಬ್ಬರು ಮುಂದಕ್ಕೆ ಜಗಲಿ ತಂದರು, ಇನ್ನೊಬ್ಬರು ಮೇಲೆ ಕೋಣೆ ಎತ್ತಿದರು, ಮತ್ತೊಬ್ಬರು ಬೀದಿಯ ಬದಿಗೆ ಅಂಗಡಿ ತೆರೆದರು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್ಕರ್. ಚಿಲಿ ದೇಶದ ಇಕಿಕೆ ಪಟ್ಟಣದಲ್ಲಿ ಅಲೆಹಾಂದ್ರೊ ಅರಾವೆನಾ 2004ರ ಹೊತ್ತಿಗೆ ಇದೇ ಬಗೆಯ ‘ಅರ್ಧ ಮನೆ’ಗಳನ್ನು ಕಟ್ಟಿದರು. ಕುಟುಂಬಕ್ಕೆ 7,500 ಡಾಲರ್ ಸರ್ಕಾರಿ ಅನುದಾನ, ಅದರಲ್ಲೇ ಜಾಗವೂ ಬರಬೇಕು. ಆ ದುಡ್ಡಿಗೆ ಕೆಟ್ಟದೊಂದು ಪೂರ್ತಿ ಮನೆ ಕಟ್ಟುವ ಬದಲು, ಜನರಿಗೆ ತಾವಾಗಿ ಕಟ್ಟಿಕೊಳ್ಳಲು ಕಷ್ಟವಾದ ಅರ್ಧವನ್ನು ಕಟ್ಟಿ, ಪಕ್ಕದಲ್ಲಿ ಅಷ್ಟೇ ಅಗಲದ ಖಾಲಿ ಜಾಗ ಬಿಟ್ಟರು.

ಇದಕ್ಕೂ ಆಕ್ಷೇಪಗಳಿವೆ, ಅವು ಹುಸಿಯಲ್ಲ. ಶ್ರೀಮಂತರಿಗೆ ಪೂರ್ತಿ ಮನೆ, ಬಡವರಿಗೆ ಮಾತ್ರ ಅರ್ಧವೇ? ಸರ್ಕಾರ ತನ್ನ ಹೊಣೆಯನ್ನೂ ಅರ್ಧಕ್ಕೆ ಇಳಿಸಿಕೊಳ್ಳಲು ಇದು ನೆಪವಾಗದೇ? ನನಗೆ ಕುತೂಹಲ ಹುಟ್ಟಿಸುವುದು ಇದರ ತಿರುವುಮುರುವು. ತನ್ನ ಮನೆಯನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಅರಣ್ಯದ ಬಡವನಿಗಿದೆ, ಸಾಲ ಮಾಡಿ ಫ್ಲ್ಯಾಟ್ ಕೊಂಡ ನನ್ನ ತಮ್ಮನಿಗಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಬಾರದು, ಕಟ್ಟಡದ ಮುಖ ಕೆಡುತ್ತದೆ ಎಂಬ ನಿಯಮಕ್ಕೆ ಅವನು ಸಹಿ ಹಾಕಿದ್ದಾನೆ. ಅಂದವಾದ, ಮುಗಿದುಹೋದ ಮನೆ. ಅದಕ್ಕೆ ಸೇರಿಸಲು ಅಲ್ಲಿ ವಾಸಿಸುವವರ ಬಳಿ ಏನೂ ಉಳಿದಿಲ್ಲ.

ಇದನ್ನೆಲ್ಲ ನಾನು ತಮ್ಮನ ಮನೆಯಲ್ಲೇ ಕೂತು ಭಾಷಣದ ಹಾಗೆ ಹೇಳುತ್ತಿದ್ದೆ. ಅವನ ಹೆಂಡತಿ ಕೇಳಿಸಿಕೊಂಡು ಸುಮ್ಮನಿದ್ದಳು. ಅವಳು ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಮನೆ. ಕೊನೆಗೆ ಅಂದಳು: “ಅಕ್ಕ, ನಮ್ಮಮ್ಮ ರಾತ್ರಿ ಊಟ ಆದ್ಮೇಲೆ ಗ್ಯಾಸ್ ಒಲೆ ಬಿಚ್ಚಿ, ಬರ್ನರ್ ತೊಳೆದು, ಜಿಡ್ಡು ಉಜ್ಜಿ ಮಲಗೋ ಹೊತ್ತಿಗೆ ಹನ್ನೊಂದಾಗ್ತಿತ್ತು. ಈ ಗಾಜನ್ನ ನಾನು ಒಂದ್ಸಲ ಒರೆಸ್ತೀನಿ, ಮುಗೀತು. ಆ ಅರ್ಧ ಗಂಟೆ ನಂದು. ಇದನ್ನ ಆರಿಸಿದ್ದು ನಾನೇ.”

ನನಗೆ ನಾಚಿಕೆಯಾಯಿತು. ಈ ಒಲೆ ಯಾರ ಕೈಯನ್ನೂ ನೆನೆಯದೆ ಮಾಡಿದ್ದು ಎಂದು ನಾನು ತೀರ್ಪು ಕೊಟ್ಟಾಗಿತ್ತು. ಅದು ಒಂದು ಕೈಯನ್ನು ಚೆನ್ನಾಗಿಯೇ ನೆನೆದಿತ್ತು, ನಾನು ಆ ಕೈಯ ಕಡೆ ನೋಡಿರಲಿಲ್ಲ. ಔಚಿತ್ಯ ಯಾವಾಗಲೂ ಬಹುವಚನ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು, ಎರಡು ಕಾಲ, ಎರಡು ಬಗೆಯ ದಣಿವು. ಒಳ್ಳೆಯ ವಿನ್ಯಾಸ ಎಲ್ಲರಿಗೂ ಒಗ್ಗುವ ಒಂದು ಆಕಾರವನ್ನು ಕಂಡುಹಿಡಿಯಲಾರದು. ತಾನು ಎಣಿಸದವರು ಬಂದಾಗ ತಿದ್ದಿಕೊಳ್ಳಲು ಜಾಗ ಬಿಟ್ಟಿರಬಲ್ಲದು. ನಾನು ಇನ್ನು ಮುಂದೆ ಹೊಸ ವಸ್ತುವೊಂದನ್ನು ನೋಡಿದಾಗ ಕೇಳಿಕೊಳ್ಳುವ ಪ್ರಶ್ನೆ ಇದು: ಇದರಲ್ಲಿ ಮೊಳೆ ಹೊಡೆಯಬಹುದೇ?

ಮೊಳೆಯನ್ನು ಅಮ್ಮ ಹೊಡೆಸಿದಳು. ದೇವರ ಮಂಟಪ ಕೂರಿಸಲು ಊರಿನಿಂದ ಆಚಾರಿ ಬಂದಿದ್ದಾಗ, ಯಾರನ್ನೂ ಕೇಳದೆ, ಕಟ್ಟೆಯ ಬಲಗಡೆಯ ಎರಡು ಡ್ರಾಯರುಗಳಿಗೆ ದಪ್ಪನೆಯ ಸ್ಟೀಲ್ ಹಿಡಿ ಹಾಕಿಸಿದಳು. ಒತ್ತಿದರೆ ತೆರೆಯುವ ಸ್ಪ್ರಿಂಗನ್ನು ಅವನು ತೆಗೆದುಹಾಕಿದ. ಹಿಂದಿನ ಯುಟಿಲಿಟಿಯಲ್ಲಿ ಎರಡು ಬರ್ನರಿನ ಗ್ಯಾಸ್ ಒಲೆ ಬಂತು. ತಮ್ಮ ಮೊದಲು ಮುಖ ಸಿಂಡರಿಸಿದ, ಆಮೇಲೆ ಅಲ್ಲಿಂದ ಬರುವ ಮೆಣಸಿನ ಸಾರಿನ ವಾಸನೆಗೆ ಸೋತ. ಅಮ್ಮ ಈಗ ಫೋನಿನಲ್ಲಿ ಅಡುಗೆಯ ವಿಷಯ ಹೇಳುತ್ತಾಳೆ. ಕೆಲವೊಮ್ಮೆ ರಾತ್ರಿ ಸೊಸೆಗಾಗಿ ಗಾಜಿನ ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಹಾಲನ್ನೂ ಬಿಸಿ ಮಾಡುತ್ತಾಳಂತೆ, ಸೆರಗಿನಲ್ಲಿ ಬೆರಳು ಒರೆಸಿಕೊಂಡು.

ಕಳೆದ ತಿಂಗಳು ಒಳಾಂಗಣ ವಿನ್ಯಾಸ ಮಾಡಿಕೊಟ್ಟ ಸಂಸ್ಥೆಯವರು ತಮ್ಮ ಜಾಹೀರಾತಿಗೆಂದು ಅಡುಗೆಮನೆಯ ಫೋಟೋ ತೆಗೆಯಲು ಬಂದರು. ನಾನೂ ಅಲ್ಲಿದ್ದೆ. ಒಗ್ಗರಣೆ ಡಬ್ಬಿ, ಬಟ್ಟೆ, ಹಿತ್ತಾಳೆ ಪಾತ್ರೆ ಎಲ್ಲವನ್ನೂ ಒಳಗಿಟ್ಟು ಒಂದು ಬಟ್ಟಲಲ್ಲಿ ಹಸಿರು ಸೇಬು ಇಟ್ಟರು. ಆ ಎರಡು ಹಿಡಿಗಳನ್ನು ಒಂದು ಗಂಟೆಯ ಮಟ್ಟಿಗೆ ಬಿಚ್ಚಬಹುದೇ ಎಂದು ಫೋಟೋ ತೆಗೆಯುವ ಹುಡುಗ ವಿನಯದಿಂದಲೇ ಕೇಳಿದ.

“ಬಿಚ್ಚಪ್ಪ, ನಂದೇನೂ ಇಲ್ಲ. ಆದರೆ ತೂತು ಕಾಣುತ್ತೆ” ಅಂದಳು ಅಮ್ಮ.

ಅವನು ಸ್ವಲ್ಪ ಹೊತ್ತು ಡ್ರಾಯರುಗಳನ್ನು ನೋಡಿದ. ಆಮೇಲೆ ಕ್ಯಾಮೆರಾವನ್ನು ಎಡಗಡೆಯ ಗೋಡೆಯ ಕಡೆಗೆ ತಿರುಗಿಸಿಕೊಂಡ.